ಟರ್ನ್‌ಟೇಬಲ್ ತಂದಿರಾ? ಮೊದಲು ಅದನ್ನು ಸರಿಯಾಗಿ ಕೂರಿಸಿ

ರೆಕಾರ್ಡ್ ಹಾಕಿದ ಕೂಡಲೇ 'ಸ', 'ಶ' ಎಲ್ಲ ಉಗುಳಿದ ಹಾಗೆ ಕೇಳುತ್ತದೆ. ಮೊದಲ ಹಾಡು ಚೆನ್ನಾಗಿದ್ದು ಕೊನೆಯ ಹಾಡಿನಲ್ಲಿ ದನಿ ಒಡೆಯುತ್ತದೆ. ಆಗ ಹೆಚ್ಚಿನವರು ಹೇಳುವುದು ಒಂದೇ ಮಾತು: ಪ್ಲೇಟು ಹಳೇದು, ಸವೆದಿದೆ. ಇರಬಹುದು. ಆದರೆ ಬಹಳ ಸಲ ತಪ್ಪು ಪ್ಲೇಟಿನದಲ್ಲ. ಮುಳ್ಳಿನ ತೂಕ, ಅಂದರೆ ಮುಳ್ಳು ಪ್ಲೇಟನ್ನು ಒತ್ತುವ ಭಾರ, ಅರ್ಧ ಗ್ರಾಂ ಕಡಿಮೆ ಇರುತ್ತದೆ, ಮುಳ್ಳು ಸಿಕ್ಕಿಸಿರುವ ಪುಟ್ಟ ಡಬ್ಬಿ, ಅದೇ ಕಾರ್ಟ್ರಿಜ್, ಒಂದೆರಡು ಮಿಲಿಮೀಟರ್ ಹಿಂದೆ ಕೂತಿರುತ್ತದೆ, ಇಲ್ಲವೇ ಇಡೀ ಪ್ಲೇಯರ್ ಒಂದು ಕಡೆಗೆ ವಾಲಿರುತ್ತದೆ. ಇದನ್ನೆಲ್ಲ ಸರಿ ಮಾಡಲು ಹೆಚ್ಚು ದುಡ್ಡು ಬೇಕಿಲ್ಲ, ಒಂದು ಭಾನುವಾರದ ಮಧ್ಯಾಹ್ನ ಸಾಕು.

ಒಂದೇ ಷರತ್ತು. ಕ್ರಮ ತಪ್ಪಿಸಬೇಡಿ. ಇಲ್ಲಿ ಒಂದು ಕಡೆ ಸರಿಸಿದರೆ ಇನ್ನೊಂದು ಕಡೆ ಅಲುಗುತ್ತದೆ. ಕಾರ್ಟ್ರಿಜ್ ಮುಂದೆ ತಳ್ಳಿದರೆ ತೂಕ ಬದಲಾಗುತ್ತದೆ, ಕಾರ್ಟ್ರಿಜ್ ಹೊತ್ತಿರುವ ಉದ್ದ ಕೋಲನ್ನು, ಅಂದರೆ ಆರ್ಮನ್ನು, ಎತ್ತರಿಸಿದರೆ ಮತ್ತೆ ತೂಕ ಬದಲಾಗುತ್ತದೆ. ಹಾಗಾಗಿ ಜಾಗ, ಮಟ್ಟ, ವೇಗ, ಕಾರ್ಟ್ರಿಜ್, ತೂಕ, ಕೋನ, ಎತ್ತರ, ಆಮೇಲೆ ಆಂಟಿ-ಸ್ಕೇಟ್ (ಆರ್ಮನ್ನು ಹೊರಗಡೆಗೆ ಎಳೆಯುವ ಸಣ್ಣ ಬಲ), ಈ ವರಸೆಯಲ್ಲೇ ಹೋಗಿ. ಕೊನೆಯಲ್ಲಿ ತೂಕವನ್ನು ಇನ್ನೊಮ್ಮೆ ನೋಡಿ.

ಎಲ್ಲ ಪ್ಲೇಯರುಗಳಲ್ಲೂ ಎಲ್ಲವನ್ನೂ ತಿದ್ದಲು ಆಗುವುದಿಲ್ಲ. ಆಡಿಯೋ-ಟೆಕ್ನಿಕಾ ಎಲ್‌ಪಿ60ಎಕ್ಸ್ ಥರದ ಆಟೋಮ್ಯಾಟಿಕ್ ಪ್ಲೇಯರಿನಲ್ಲಿ ಮುಳ್ಳಿನ ತೂಕ ಕಾರ್ಖಾನೆಯಲ್ಲೇ ಕೂರಿಸಿರುತ್ತಾರೆ. ನಿಮಗೆ ಉಳಿಯುವುದು ಜಾಗ, ಮಟ್ಟ, ತಂತಿ, ಸ್ವಚ್ಛತೆ ಅಷ್ಟೇ. ಅದೂ ಸಣ್ಣದೇನಲ್ಲ. ಇನ್ನು ಸೂಟ್‌ಕೇಸ್ ಆಕಾರದ, ಒಳಗೇ ಸ್ಪೀಕರ್ ಇರುವ ಅಗ್ಗದ ಪ್ಲೇಯರುಗಳು ಬರುತ್ತವಲ್ಲ, ಅವುಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಹಲವುಗಳಲ್ಲಿ ಸೆರಾಮಿಕ್ ಕಾರ್ಟ್ರಿಜ್ ಇರುತ್ತದೆ, ಮುಳ್ಳು 5 ಗ್ರಾಂ ಆಸುಪಾಸು ಒತ್ತುತ್ತದೆ, ತಿದ್ದಲು ಏನೂ ಇರುವುದಿಲ್ಲ. ಅಪ್ಪನ ಕಾಲದ ಒಳ್ಳೆಯ ಪ್ಲೇಟನ್ನು ಅದರ ಮೇಲೆ ಹಾಕಬೇಡಿ.

ಎಲ್ಲಿ ಇಡುವುದು

ಟರ್ನ್‌ಟೇಬಲ್ ಅಂದರೆ ಅಲುಗಾಟವನ್ನು ಸದ್ದು ಮಾಡುವ ಯಂತ್ರ. ಮುಳ್ಳಿಗೆ ಪ್ಲೇಟಿನ ಗೆರೆಯ ಅಲುಗಾಟ ಯಾವುದು, ಪಕ್ಕದ ರೂಮಿನಲ್ಲಿ ಮಿಕ್ಸಿ ಓಡಿದ ಅಲುಗಾಟ ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಸ್ಪೀಕರಿಗೆ ಕಳಿಸುತ್ತದೆ.

ಮೈಸೂರಿನ ಹಳೆಯ ಮನೆಗಳಲ್ಲಿ ಒಂದು ಅನುಕೂಲ ಇದೆ. ಅಗ್ರಹಾರ, ಸರಸ್ವತಿಪುರಂ, ಒಂಟಿಕೊಪ್ಪಲು ಕಡೆಯ ಕೆಳಮನೆಗಳ ರೆಡ್ ಆಕ್ಸೈಡ್ ನೆಲ ಗಟ್ಟಿ, ಮೇಲೆ ನಡೆದಾಡಿದರೂ ಅಲುಗುವುದಿಲ್ಲ. ಅಂಥ ನೆಲದ ಮೇಲೆ ಭಾರವಾದ ಮರದ ಮೇಜು ಇದ್ದರೆ ಸಾಕು. ಮಹಡಿಯ ಮೇಲೆ ಮರದ ತೊಲೆ, ಮರದ ಹಲಗೆ ಇರುವ ಮನೆಯಾದರೆ ಕಥೆ ಬೇರೆ. ಯಾರಾದರೂ ಓಡಾಡಿದರೆ ಮುಳ್ಳು ಹಾರುತ್ತದೆ. ಅಲ್ಲಿ ನೆಲದ ಸಹವಾಸ ಬಿಟ್ಟು, ಹೊರಗೋಡೆಗೆ ಗಟ್ಟಿ ಬ್ರಾಕೆಟ್ ಹೊಡೆಸಿ ಅದರ ಮೇಲೆ ಹಲಗೆ ಕೂರಿಸಿ.

ಮೇಜಿನ ಮೇಲೆ ಒಂದು ಕಡಪ ಕಲ್ಲು ಅಥವಾ ಗ್ರಾನೈಟ್ ತುಂಡು ಹಾಕಿ. ಅಡುಗೆಮನೆ ಕಟ್ಟೆಗೆ ಕತ್ತರಿಸಿ ಉಳಿದ ತುಂಡು ಕಲ್ಲಿನ ಅಂಗಡಿಯಲ್ಲಿ ಬಿದ್ದಿರುತ್ತದೆ, ಕೇಳಿದರೆ ಅಂಚು ಉಜ್ಜಿ ಕೊಡುತ್ತಾರೆ. ಕಲ್ಲಿನ ಕೆಳಗೆ ನಾಲ್ಕು ಮೂಲೆಗೆ ದಪ್ಪ ರಬ್ಬರ್ ತುಂಡು ಇಡಿ. ಆನ್‌ಲೈನಿನಲ್ಲಿ ಸಾವಿರಾರು ರೂಪಾಯಿಗೆ ಮಾರುವ ಐಸೋಲೇಷನ್ ಹಲಗೆಗಳು ಮಾಡುವ ಕೆಲಸವನ್ನು ಬಹುಪಾಲು ಇದೇ ಮಾಡುತ್ತದೆ.

ಸ್ಪೀಕರುಗಳನ್ನು ಮಾತ್ರ ಅದೇ ಮೇಜಿನ ಮೇಲೆ ಇಡಬೇಡಿ. ದಯವಿಟ್ಟು. ಸ್ಪೀಕರಿನ ಅದುರು ಮೇಜಿಗೆ, ಮೇಜಿಂದ ಮುಳ್ಳಿಗೆ, ಮುಳ್ಳಿಂದ ಮತ್ತೆ ಸ್ಪೀಕರಿಗೆ ಸುತ್ತು ಹಾಕುತ್ತದೆ. ವಾಲ್ಯೂಮ್ ಏರಿಸಿದರೆ ಊಳಿಡುತ್ತದೆ, ಏರಿಸದಿದ್ದರೂ ತಗ್ಗು ಸ್ವರ ಕಲಸಿಹೋಗುತ್ತದೆ. ಪರೀಕ್ಷೆ ಸುಲಭ. ಪ್ಲೇಟು ಹೊತ್ತು ತಿರುಗುವ ತಟ್ಟೆ, ಅಂದರೆ ಪ್ಲ್ಯಾಟರ್, ತಿರುಗದೆ ನಿಂತಿರುವಾಗ ಒಂದು ಹಾಳು ಪ್ಲೇಟಿನ ಮೇಲೆ ಮುಳ್ಳು ಇಳಿಸಿ, ವಾಲ್ಯೂಮನ್ನು ನಿಧಾನಕ್ಕೆ ನೀವು ದಿನಾ ಕೇಳುವ ಮಟ್ಟಕ್ಕೆ ತನ್ನಿ. ಮೇಜನ್ನು ಬೆರಳಿಂದ ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ದಬ್ ಅಂತ ಜೋರಾಗಿ ಕೇಳಿದರೆ ಜಾಗ ಸರಿಯಿಲ್ಲ ಅಂತಲೇ ಅರ್ಥ.

ಕಿಟಕಿಯ ಬಿಸಿಲು ನೇರ ಬೀಳುವ ಕಡೆ ಬೇಡ, ಪ್ಲೇಟು ಡೊಂಕಾಗುತ್ತದೆ. ಫ್ಯಾನಿನ ನೇರ ಕೆಳಗೂ ಬೇಡ, ಧೂಳೆಲ್ಲ ಅಲ್ಲೇ ಬೀಳುತ್ತದೆ.

ಮಟ್ಟ

ಗಾರೆ ಕೆಲಸದವರ ರಸಮಟ್ಟ ಇದ್ದರೆ ತನ್ನಿ, ಇಲ್ಲದಿದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಚಿಕ್ಕದು ಸಿಗುತ್ತದೆ. ಫೋನಿನ ಆ್ಯಪ್ ನಂಬಬೇಡಿ, ಕ್ಯಾಮೆರಾದ ಉಬ್ಬು ಮಟ್ಟ ಕೆಡಿಸುತ್ತದೆ. ಮೇಜಿನ ಮೇಲಲ್ಲ, ಪ್ಲ್ಯಾಟರಿನ ಮೇಲೇ ರಸಮಟ್ಟ ಇಟ್ಟು ಎಡ-ಬಲ ಮತ್ತು ಹಿಂದೆ-ಮುಂದೆ ಎರಡೂ ನೋಡಿ. ಪ್ಲೇಯರಿನ ಕಾಲು ತಿರುಗಿಸಿ ಹೊಂದಿಸಿ. ಕಾಲು ತಿರುಗುವ ಥರದ್ದಲ್ಲವಾದರೆ ಕಲ್ಲಿನ ಕೆಳಗೆ ರಟ್ಟಿನ ತುಂಡು ಕೊಟ್ಟರೂ ನಡೆಯುತ್ತದೆ.

ವೇಗ

ಎಲ್‌ಪಿ 33⅓, ಚಿಕ್ಕ ಪ್ಲೇಟು 45, ಹಳೆಯ ಅರಗಿನ ಪ್ಲೇಟು 78. ಇವು ಒಂದು ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ. ವೇಗ ನೋಡಲು ಯಾವ ಸಲಕರಣೆಯೂ ಬೇಡ. ಪ್ಲ್ಯಾಟರಿನ ಅಂಚಿಗೆ ಒಂದು ಚೂರು ಬಿಳಿ ಕಾಗದ ಅಂಟಿಸಿ, ಪ್ಲೇಟು ಹಾಕಿ ಮುಳ್ಳನ್ನೂ ಇಳಿಸಿ, ಫೋನಿನಲ್ಲಿ ಸ್ಟಾಪ್‌ವಾಚ್ ಒತ್ತಿ 100 ಸುತ್ತು ಎಣಿಸಿ. 33⅓ರ ವೇಗಕ್ಕೆ ಸರಿಯಾಗಿ 180 ಸೆಕೆಂಡ್ ಆಗಬೇಕು. ಅರ್ಧ ಸೆಕೆಂಡ್ ಆಚೆ ಈಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಎರಡು ಮೂರು ಸೆಕೆಂಡ್ ತಪ್ಪಿದರೆ ಪ್ಲ್ಯಾಟರ್ ತಿರುಗಿಸುವ ಬೆಲ್ಟ್ ಸಡಿಲವಾಗಿದೆಯಾ, ಮೋಟಾರಿನ ತುದಿಯ ಪುಲ್ಲಿಗೆ ಎಣ್ಣೆ ಜಿಡ್ಡು ಹತ್ತಿದೆಯಾ ನೋಡಿ. ಬೆಲ್ಟ್ ರಬ್ಬರಿನದು, ವರ್ಷಗಳಲ್ಲಿ ಸೊರಗುತ್ತದೆ. ಹೊಸದು ಹಾಕಿ, ಹಳೆಯದನ್ನು ಬಿಸಿನೀರಿನಲ್ಲಿ ಅದ್ದಿ ಬಿಗಿ ಮಾಡುವ ಉಪಾಯ ಹೆಚ್ಚು ದಿನ ನಿಲ್ಲುವುದಿಲ್ಲ.

ಕೆಲವು ಪ್ಲ್ಯಾಟರುಗಳ ಅಂಚಿನಲ್ಲಿ ಸಾಲು ಚುಕ್ಕಿ ಇರುತ್ತವೆ, ಜೊತೆಗೆ ಬೇಗಬೇಗ ಮಿಣುಕುವ ಚಿಕ್ಕ ಸ್ಟ್ರೋಬ್ ದೀಪ. ಚುಕ್ಕಿ ನಿಂತ ಹಾಗೆ ಕಂಡರೆ ವೇಗ ಸರಿ. ಅಂಥ ಗುರುತಿರುವ ಕಾಗದದ ಸ್ಟ್ರೋಬ್ ಪ್ಲೇಟನ್ನು ಬೇರೆಯಾಗಿ ಮುದ್ರಿಸಿಕೊಳ್ಳುವುದಾದರೆ 50 ಹರ್ಟ್ಜಿನದೇ ಆರಿಸಿ. ನಮ್ಮ ಕರೆಂಟು 50 ಹರ್ಟ್ಜ್, ಆ ಬೆಳಕಿಗೆ 33⅓ಕ್ಕೆ 180 ಗೆರೆ ಇರಬೇಕು. 216 ಗೆರೆ ಇರುವುದು 60 ಹರ್ಟ್ಜ್ ದೇಶಗಳಿಗೆ. ಹಳೆಯ ಚೋಕ್ ಇರುವ ಟ್ಯೂಬ್‌ಲೈಟಿನ ಕೆಳಗೆ ಇದು ಚೆನ್ನಾಗಿ ಕಾಣುತ್ತದೆ, ಎಷ್ಟೋ ಎಲ್‌ಇಡಿ ಬಲ್ಬುಗಳ ಕೆಳಗೆ ಕಾಣುವುದೇ ಇಲ್ಲ.

ಈ 50-60ರ ವಿಷಯ ಬರೀ ಚುಕ್ಕಿಗೆ ಮುಗಿಯುವುದಿಲ್ಲ. ಮಂಡ್ಯದಲ್ಲಿರುವ ನಮ್ಮ ಭಾವನಿಗೆ ಅಮೆರಿಕದಿಂದ ಬರುವಾಗ ಮಗ ಒಂದು ಹಳೆಯ ಬೆಲ್ಟ್ ಪ್ಲೇಯರ್ ಹೊತ್ತು ತಂದ. 230 ವೋಲ್ಟಿಗೆ ಟ್ರಾನ್ಸ್‌ಫಾರ್ಮರ್ ಹಾಕಿದರು, ಓಡಿತು. ಹಾಡು ಮಾತ್ರ ನಿದ್ದೆಗಣ್ಣಿನದು. "ಭಾವ, ಇದು ಶ್ರುತಿಯೇ ಬೇರೆ ಇದೆಯಲ್ಲ" ಅಂದರೆ "ಹಳೇ ರೆಕಾರ್ಡಿಂಗ್ ಕಣೋ" ಅಂದರು. ಕಾರಣ ಇಷ್ಟೇ: ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಜ್ ಬದಲಿಸುವುದಿಲ್ಲ. ಆ ಕಾಲದ ಎಸಿ ಸಿಂಕ್ರೊನಸ್ ಮೋಟಾರ್ ಕರೆಂಟಿನ ಹರ್ಟ್ಜ್ ಹಿಡಿದೇ ತಿರುಗುವುದು. 60ಕ್ಕೆ ಮಾಡಿದ್ದನ್ನು 50ಕ್ಕೆ ಹಾಕಿದರೆ 33⅓ ಇದ್ದದ್ದು ಸುಮಾರು 27.8 ಆಗುತ್ತದೆ. ಹಾರ್ಮೋನಿಯಂನಲ್ಲಿ ಕರಿ ಬಿಳಿ ಸೇರಿ ಮೂರು ಮನೆ ಕೆಳಗೆ ಇಳಿದ ಹಾಗೆ. 50 ಹರ್ಟ್ಜಿನ ಪುಲ್ಲಿ ಹಾಕಿಸಿದ ಮೇಲೆ ಸರಿಹೋಯಿತು. ಅಡಾಪ್ಟರ್ ಮೇಲೆ ಓಡುವ ಡಿಸಿ ಮೋಟಾರಿನ ಪ್ಲೇಯರಿಗೆ ಈ ಕಾಟ ಇಲ್ಲ.

ಕರೆಂಟ್ ಹೋಗಿ ಇನ್ವರ್ಟರಿಗೆ ಬದಲಾದಾಗ ಹೊಸದಾಗಿ ಗುಂಯ್ ಅನ್ನುವ ಸದ್ದು ಶುರುವಾದರೆ ನಿಮ್ಮ ಇನ್ವರ್ಟರ್ ಸ್ಕ್ವೇರ್ ವೇವ್ ಇರಬಹುದು. ಸೈನ್ ವೇವ್ ಇದ್ದರೆ ತೊಂದರೆ ಕಡಿಮೆ. ಹಾಡಿನ ಮಧ್ಯೆ ಕರೆಂಟ್ ಹೋಗಿ ಪ್ಲೇಟು ನಿಂತರೆ ಗಾಬರಿ ಬೇಡ, ಮುಳ್ಳು ಎತ್ತಿಡಿ, ಅಷ್ಟೇ.

ಇನ್ನೊಂದು ಮಾತು. ಒಟ್ಟು ವೇಗ ಸರಿಯಿದ್ದೂ ದನಿ ಅಲೆಅಲೆಯಾಗಿ ತೇಲಬಹುದು. ಇದನ್ನು ಹಿಡಿಯಲು ತಂಬೂರಿಗಿಂತ ಒಳ್ಳೆಯ ಸಾಧನ ಇಲ್ಲ. ಕಛೇರಿಯ ಪ್ಲೇಟಿನಲ್ಲಿ ಆಲಾಪನೆ ಶುರುವಾಗುವ ಮೊದಲು ತಂಬೂರಿ ಒಂಟಿಯಾಗಿ ಕೇಳುವ ಜಾಗ ಇರುತ್ತದಲ್ಲ, ಅಲ್ಲಿ ಕಿವಿ ಕೊಡಿ. ಷಡ್ಜ ಪ್ರತಿ ಸುತ್ತಿಗೊಮ್ಮೆ ಏರಿಳಿದರೆ ಪ್ಲೇಟಿನ ನಡುತೂತು ಪಕ್ಕಕ್ಕೆ ಸರಿದಿರಬಹುದು, ಇಲ್ಲವೇ ಪ್ಲೇಟು ಡೊಂಕಾಗಿರಬಹುದು. ಎಲ್ಲ ಪ್ಲೇಟಿನಲ್ಲೂ ಹಾಗೇ ಆದರೆ ಬೆಲ್ಟ್ ಅಥವಾ ಬೇರಿಂಗ್ ನೋಡಿ.

ಕಾರ್ಟ್ರಿಜ್ ಕಟ್ಟುವುದು

ಆರ್ಮಿನ ತುದಿಯಲ್ಲಿ ಕಾರ್ಟ್ರಿಜ್ ಕಟ್ಟುವ ಹೆಡ್‌ಶೆಲ್ಲಿನ ಎರಡು ಸ್ಕ್ರೂಗಳ ನಡುವೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಈ ಅಳತೆ ಬಹುತೇಕ ಎಲ್ಲ ಕಂಪನಿಗಳಿಗೂ ಒಂದೇ. ಹಿಂದೆ ನಾಲ್ಕು ಪಿನ್ನು, ನಾಲ್ಕು ಬಣ್ಣದ ತಂತಿ. ಬಿಳಿ ಎಡಗಡೆಯ ಪ್ಲಸ್, ನೀಲಿ ಎಡಗಡೆಯ ಮೈನಸ್. ಕೆಂಪು ಬಲಗಡೆಯ ಪ್ಲಸ್, ಹಸಿರು ಬಲಗಡೆಯ ಮೈನಸ್. ಚಿಕ್ಕ ಚಿಮಟದಲ್ಲಿ ಕ್ಲಿಪ್ಪನ್ನು ಹಿಡಿಯಿರಿ, ತಂತಿಯನ್ನು ಹಿಡಿದು ಎಳೆಯಬೇಡಿ, ಕೂದಲಿನಷ್ಟು ತೆಳು ಇರುತ್ತವೆ. ಕ್ಲಿಪ್ ಸಡಿಲ ಅಂತ ಕಾರ್ಟ್ರಿಜ್ ಪಿನ್ನಿಗೇ ಬೆಸುಗೆ ಹಾಕಲು ಹೋದರೆ ಬಿಸಿಗೆ ಒಳಗಿನ ಕಾಯಿಲ್ ಕೈಕೊಡುತ್ತದೆ. ಸ್ಕ್ರೂ ಸದ್ಯಕ್ಕೆ ಅರ್ಧ ಬಿಗಿ ಸಾಕು, ಕಾರ್ಟ್ರಿಜ್ ಸರಿಸಿದರೆ ಸರಿಯಬೇಕು, ಬಿಟ್ಟರೆ ನಿಲ್ಲಬೇಕು.

ಈ ಕೆಲಸ ಮಾಡುವಾಗ ಮುಳ್ಳಿನ ಮುಚ್ಚಳ ಹಾಕಿಯೇ ಇರಲಿ. ಮಕ್ಕಳನ್ನು, ಬೆಕ್ಕನ್ನು, ಸಹಾಯಕ್ಕೆ ಬರುವ ಉತ್ಸಾಹಿ ನೆಂಟರನ್ನು ಸ್ವಲ್ಪ ಹೊತ್ತು ಆಚೆ ಕಳಿಸಿ.

ಮುಳ್ಳಿನ ತೂಕ

ಪ್ರತಿ ಕಾರ್ಟ್ರಿಜ್ಜಿಗೂ ಅದರದೇ ತೂಕ ಇದೆ, ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಬರೆದಿರುತ್ತದೆ. ಆಡಿಯೋ-ಟೆಕ್ನಿಕಾ ವಿಎಂ95ಇ ಗೆ 1.8ರಿಂದ 2.2 ಗ್ರಾಂ, ಆರ್ಟೊಫೋನ್ 2ಎಂ ರೆಡ್‌ಗೆ 1.8 ಗ್ರಾಂ. ನಿಮ್ಮದಕ್ಕೆ ಎಷ್ಟು ಅಂತ ನೋಡಿಕೊಳ್ಳಿ, ಪಕ್ಕದ ಮನೆಯವರ ಲೆಕ್ಕ ಹಾಕಬೇಡಿ.

ಕ್ರಮ ಹೀಗೆ. ಆಂಟಿ-ಸ್ಕೇಟ್ ಸೊನ್ನೆಗೆ ತನ್ನಿ. ಮುಳ್ಳಿನ ಮುಚ್ಚಳ ತೆಗೆಯಿರಿ. ಎತ್ತುವ ಲಿವರ್ ಕೆಳಗಿಳಿಸಿ, ಆರ್ಮನ್ನು ಪ್ಲ್ಯಾಟರಿಗೆ ತಾಗದ ಹಾಗೆ ಬೆರಳಲ್ಲಿ ಹಿಡಿದುಕೊಂಡೇ ಆರ್ಮಿನ ಹಿಂದಿನ ತುದಿಯ ಭಾರದ ಗುಂಡು, ಅಂದರೆ ಕೌಂಟರ್‌ವೇಟ್, ನಿಧಾನವಾಗಿ ತಿರುಗಿಸಿ. ಅಂಗಡಿಯ ಹಳೆಯ ತಕ್ಕಡಿಯ ದಂಡ ನಿಲ್ಲುವ ಹಾಗೆ ಆರ್ಮ್ ಗಾಳಿಯಲ್ಲಿ ಅಡ್ಡಲಾಗಿ ನಿಲ್ಲಬೇಕು, ಮೇಲೂ ಹೋಗದೆ ಕೆಳಗೂ ಬೀಳದೆ. ಅದು ಸೊನ್ನೆ. ಈಗ ಆರ್ಮನ್ನು ಅದರ ಸ್ಟ್ಯಾಂಡಿಗೆ ಸಿಕ್ಕಿಸಿ, ವೇಟ್ ಅಲುಗಿಸದೆ ಅಂಕಿ ಬರೆದ ಉಂಗುರವನ್ನು ಮಾತ್ರ ಸೊನ್ನೆಗೆ ತಿರುಗಿಸಿ. ಆಮೇಲೆ ವೇಟನ್ನು ತಿರುಗಿಸಿದರೆ ಉಂಗುರವೂ ಜೊತೆಗೆ ತಿರುಗುತ್ತದೆ. ಬೇಕಾದ ಅಂಕಿಗೆ ನಿಲ್ಲಿಸಿ.

ಉಂಗುರದ ಅಂಕಿಯನ್ನು ಪೂರಾ ನಂಬಲಾಗದು. ಕೆಲವು ನೂರು ರೂಪಾಯಿಗೆ ಮುಳ್ಳು ತೂಗುವ ಪುಟ್ಟ ಡಿಜಿಟಲ್ ತಕ್ಕಡಿ ಸಿಗುತ್ತದೆ. ಈ ಇಡೀ ಬರಹದಲ್ಲಿ ಒಂದೇ ಒಂದು ಸಾಮಾನು ಕೊಳ್ಳಿ ಅಂದರೆ ಅದು ಇದೇ. 0.01 ಗ್ರಾಂವರೆಗೆ ತೋರಿಸುವುದು ಸಾಕು. ಜೊತೆಗೆ ಬರುವ ತೂಕದ ಬಟ್ಟು ಇಟ್ಟು ಮೊದಲು ತಕ್ಕಡಿಯನ್ನೇ ಪರೀಕ್ಷಿಸಿ. ಅಶೋಕ ರಸ್ತೆಯಲ್ಲಿ ಚಿನ್ನದಂಗಡಿಯ ಪರಿಚಯದವರು ಇದ್ದರೆ ಬಟ್ಟನ್ನು ಅವರ ತಕ್ಕಡಿಯಲ್ಲಿ ತೂಗಿಸಿ ನೋಡಿದರೆ ಇನ್ನೂ ಒಳ್ಳೆಯದು. ತೂಗುವ ಜಾಗ ಪ್ಲೇಟಿನ ಎತ್ತರದಲ್ಲೇ ಇರಬೇಕು, ಮೇಲಿದ್ದರೆ ಅಂಕಿ ಬದಲಾಗುತ್ತದೆ.

ಪ್ಲೇಟು ಸವೆಯದಿರಲಿ ಅಂತ ತೂಕ ಕಡಿಮೆ ಇಡುವವರು ತುಂಬ ಜನ. ಆಗುವುದು ಉಲ್ಟಾ. ತೂಕ ಕಮ್ಮಿಯಾದ ಮುಳ್ಳು ಜೋರು ಜಾಗದಲ್ಲಿ ಗೆರೆಯೊಳಗೆ ಕೂರದೆ ಎಗರುತ್ತದೆ, ಗೋಡೆಗೆ ಬಡಿಯುತ್ತದೆ, ಆ ಪೆಟ್ಟು ಪ್ಲೇಟಿನಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಕಂಪನಿ ಹೇಳಿದ ಮಿತಿಯ ಮಧ್ಯದಿಂದ ಮೇಲಿನ ಕಡೆಗೇ ಇರಲಿ.

ಕೋನ: ಇಲ್ಲೇ ಹೊತ್ತು ಹಿಡಿಯುವುದು

ಪ್ಲೇಟನ್ನು ಕೆತ್ತುವ ಯಂತ್ರದಲ್ಲಿ ಕೆತ್ತುವ ಮುಳ್ಳು ಹೊರಗಿನಿಂದ ಒಳಕ್ಕೆ ನೇರ ಗೆರೆಯಲ್ಲಿ ಸಾಗುತ್ತದೆ. ನಮ್ಮ ಆರ್ಮ್ ಒಂದು ಕಡೆ ಗೂಟಕ್ಕೆ ಸಿಕ್ಕಿ ಕಮಾನಿನ ಹಾಗೆ ತಿರುಗುತ್ತದೆ. ಹಾಗಾಗಿ ಮುಳ್ಳು ಗೆರೆಗೆ ಸರಿಯಾಗಿ ನೇರ ಇರುವುದು ಇಡೀ ಪ್ಲೇಟಿನಲ್ಲಿ ಎರಡೇ ಜಾಗದಲ್ಲಿ. ಹೆಚ್ಚು ಜನ ಬಳಸುವ ಬೇರ್‌ವಾಲ್ಡ್ ಲೆಕ್ಕದಲ್ಲಿ ಆ ಎರಡು ಬಿಂದು ನಡುಗೂಟದಿಂದ 66 ಮತ್ತು 120.9 ಮಿ.ಮೀ. ದೂರದಲ್ಲಿ. ಸ್ಟೀವನ್‌ಸನ್ ಲೆಕ್ಕದಲ್ಲಿ 60.3 ಮತ್ತು 117.4. ಉಳಿದ ಕಡೆ ಒಂದಷ್ಟು ಓರೆ ಇದ್ದೇ ಇರುತ್ತದೆ, ಅದನ್ನು ಕಡಿಮೆ ಮಾಡುವುದಷ್ಟೇ ನಮ್ಮ ಕೆಲಸ.

ಒಳಗಡೆಯ ಬಿಂದು ಯಾಕೆ ಮುಖ್ಯ ಅಂದರೆ, ಪ್ಲೇಟಿನ ಹೊರ ಅಂಚಿನಲ್ಲಿ ಗೆರೆ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಹರಿಯುತ್ತದೆ, ಒಳ ಅಂಚಿನಲ್ಲಿ ಸುಮಾರು 21 ಸೆಂಟಿಮೀಟರ್ ಅಷ್ಟೇ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿರುತ್ತಾರೆ. ಸಣ್ಣ ಓರೆಯೂ ಅಲ್ಲಿ ದೊಡ್ಡದಾಗಿ ಕೇಳುತ್ತದೆ. ಕಛೇರಿಯ ಎಲ್‌ಪಿಯಲ್ಲಿ ತನಿ ಆವರ್ತನ, ಸಿನಿಮಾ ಎಲ್‌ಪಿಯಲ್ಲಿ ಜೋರಿನ ಕೋರಸ್ ಹಾಡು ಆ ಕೊನೆಯ ಜಾಗದಲ್ಲೇ ಬಂದು ಕೂತಿದ್ದರೆ ಮೃದಂಗದ ಚಾಪು, ಹಾಡುವವರ 'ಸ'ಕಾರ ಎಲ್ಲ ಕಿತ್ತುಕೊಂಡು ಹೋದ ಹಾಗೆ ಕೇಳುವುದು ಇದರಿಂದಲೇ.

ಬೇಕಾದದ್ದು ಆ ಎರಡು ಬಿಂದು ಮತ್ತು ಗೆರೆಗಳನ್ನು ಗುರುತಿಸಿರುವ, ಪ್ರೊಟ್ರ್ಯಾಕ್ಟರ್ ಅನ್ನುವ ಕಾಗದ. ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಜೆರಾಕ್ಸ್ ಅಂಗಡಿಗೆ ಹೋದಾಗ 100 ಪರ್ಸೆಂಟ್ ಅಳತೆಯಲ್ಲೇ ಪ್ರಿಂಟ್ ಕೊಡಿ, ಪೇಜಿಗೆ ಹೊಂದಿಸಬೇಡಿ ಅಂತ ಬಿಡಿಸಿ ಹೇಳಿ. ತಂದ ಮೇಲೆ ಸ್ಕೇಲ್ ಇಟ್ಟು ಅಳೆಯಿರಿ. ಅದರಲ್ಲಿ 100 ಮಿ.ಮೀ. ಅಂತ ಬರೆದ ಗೆರೆ 98 ಬಂದರೆ ಆ ಕಾಗದ ತರಕಾರಿ ಚೀಟಿಗೆ ಲಾಯಕ್ಕು. ದಪ್ಪ ಕಾಗದ ಇರಲಿ, ನಡುತೂತನ್ನು ಬ್ಲೇಡಿನಿಂದ ಬಿಗಿಯಾಗಿ ಕತ್ತರಿಸಿ. 7 ಮಿ.ಮೀ.ಗಿಂತ ಸ್ವಲ್ಪವೇ ಜಾಸ್ತಿ ಅಗಲ ಬೇಕು. ತೂತು ಸಡಿಲವಾದರೆ ಮಾಡಿದ್ದೆಲ್ಲ ದಂಡ.

ಈಗ ಕಾಗದವನ್ನು ಪ್ಲ್ಯಾಟರಿನ ಮೇಲೆ ಹಾಕಿ. ಪ್ಲ್ಯಾಟರ್ ಅಲ್ಲಾಡದ ಹಾಗೆ ಹಿಡಿದು, ಹೊರಗಿನ ಬಿಂದುವಿನ ಮೇಲೆ ಮುಳ್ಳಿನ ತುದಿ ಸರಿಯಾಗಿ ಇಳಿಸಿ. ಪಕ್ಕದಿಂದ ಮೊಬೈಲ್ ಟಾರ್ಚ್ ಬಿಡಿ. ಎದುರಿನಿಂದ ನೋಡಿ, ಮುಳ್ಳು ಹೊತ್ತಿರುವ ಸಣ್ಣ ಕೊಳವೆ ಇದೆಯಲ್ಲ, ಕ್ಯಾಂಟಿಲಿವರ್, ಅದು ಕಾಗದದ ಗೆರೆಗಳಿಗೆ ಸಮಾನಾಂತರವಾಗಿ ಇರಬೇಕು. ಕಾರ್ಟ್ರಿಜ್ಜಿನ ಹೊರಮೈ ನೋಡಿ ಅಂದಾಜು ಮಾಡಬಹುದು, ಆದರೆ ಅಗ್ಗದ ಕಾರ್ಟ್ರಿಜ್ಜಿನಲ್ಲಿ ಕ್ಯಾಂಟಿಲಿವರೇ ಸ್ವಲ್ಪ ಸೊಟ್ಟ ಕೂತಿರುವುದುಂಟು, ಆಗ ಹೊರಮೈ ಸುಳ್ಳು ಹೇಳುತ್ತದೆ. ಆಮೇಲೆ ಒಳಗಿನ ಬಿಂದುವಿಗೆ ಹೋಗಿ ಅದೇ ನೋಡಿ.

ಎರಡೂ ಕಡೆ ಒಂದೇ ಥರ ಓರೆಯಿದ್ದರೆ ಕಾರ್ಟ್ರಿಜ್ ಸ್ವಲ್ಪ ತಿರುಗಿಸಿದರೆ ಸಾಕು. ಒಂದು ಕಡೆ ನೇರ, ಇನ್ನೊಂದು ಕಡೆ ಓರೆ ಇದ್ದರೆ ಕಾರ್ಟ್ರಿಜ್ ಹಿಂದೆ ಅಥವಾ ಮುಂದೆ ಸರಿಯಬೇಕು. ಕೂದಲೆಳೆಯಷ್ಟು ಸರಿಸಿ, ಎರಡೂ ಬಿಂದು ನೋಡಿ, ಮತ್ತೆ ಸರಿಸಿ. ಬೇಜಾರು ಬರುತ್ತದೆ. ಎದ್ದು ಕಾಫಿ ಕುಡಿದು ಬನ್ನಿ, ಕೈ ನಡುಗುವಾಗ ಮುಳ್ಳಿನ ಹತ್ತಿರ ಹೋಗಬೇಡಿ. ಎರಡೂ ಕಡೆ ಕೂತ ಮೇಲೆ ಸ್ಕ್ರೂಗಳನ್ನು ಒಂದೊಂದು ಕಾಲು ಸುತ್ತಿನಂತೆ ಅದಲುಬದಲು ಬಿಗಿ ಮಾಡಿ. ಒಂದನ್ನೇ ಪೂರಾ ಬಿಗಿದರೆ ಕಾರ್ಟ್ರಿಜ್ ತಿರುಗಿಬಿಡುತ್ತದೆ.

ಟೆಕ್ನಿಕ್ಸ್ ಎಸ್‌ಎಲ್-1200 ಅಥವಾ ಅದೇ ಥರದ ಎಸ್ ಆಕಾರದ ಆರ್ಮ್ ಇದ್ದರೆ ಕೆಲಸ ಸುಲಭ. ಹೆಡ್‌ಶೆಲ್ ಬಿಚ್ಚಿ, ಅದು ಆರ್ಮಿಗೆ ಸೇರುವ ರಬ್ಬರ್ ಉಂಗುರದ ಅಂಚಿನಿಂದ ಮುಳ್ಳಿನ ತುದಿಗೆ 52 ಮಿ.ಮೀ. ಇಡಬೇಕು ಅನ್ನುವುದು ಟೆಕ್ನಿಕ್ಸ್‌ನವರದೇ ಅಳತೆ. ಬೇರೆ ಕಂಪನಿಯ ಆರ್ಮ್ ಆದರೆ ಅದರ ಕೈಪಿಡಿಯ ಅಳತೆ ನೋಡಿ.

ಈಗ ತೂಕ ಮತ್ತೆ ನೋಡಿ. ಬದಲಾಗಿರುತ್ತದೆ.

ಎತ್ತರ ಮತ್ತು ವಾಲು

ಮುಳ್ಳು ಪ್ಲೇಟಿನ ಮೇಲಿರುವಾಗ ಆರ್ಮನ್ನು ಪಕ್ಕದಿಂದ ನೋಡಿದರೆ ಪ್ಲೇಟಿಗೆ ಸಮಾನಾಂತರ ಕಾಣಬೇಕು. ಹಿಂಭಾಗ ತಗ್ಗಿದ್ದರೆ ದನಿ ಸ್ವಲ್ಪ ಮಂಕು, ಎತ್ತರವಿದ್ದರೆ ಚೂಪು. ಆರ್ಮ್ ಬುಡದಲ್ಲಿ ಎತ್ತರ ತಿದ್ದುವ ಸ್ಕ್ರೂ ಇದ್ದರೆ ಬಳಸಿ. ಇಲ್ಲದಿದ್ದರೆ ಪ್ಲ್ಯಾಟರಿನ ಮೇಲೆ ಹಾಸುವ ಮ್ಯಾಟ್ ದಪ್ಪ ಬದಲಿಸಿ ಹೊಂದಿಸಬಹುದು.

ಇದರ ಬಗ್ಗೆ ಜನ ಅನಗತ್ಯವಾಗಿ ತಲೆ ಕೆಡಿಸಿಕೊಳ್ಳುತ್ತಾರೆ. ಒಂಬತ್ತು ಇಂಚಿನ ಆರ್ಮಿನಲ್ಲಿ ಹಿಂದಿನ ಬುಡವನ್ನು 4 ಮಿ.ಮೀ. ಎತ್ತಿದರೆ ಬದಲಾಗುವುದು ಒಂದು ಡಿಗ್ರಿ. ತೆಳು ಪ್ಲೇಟಿಗೂ 180 ಗ್ರಾಮಿನ ದಪ್ಪ ಪ್ಲೇಟಿಗೂ ಇರುವ ವ್ಯತ್ಯಾಸ ಒಂದು ಮಿಲಿಮೀಟರಿಗಿಂತ ಕಡಿಮೆ. ಪ್ಲೇಟು ಬದಲಿಸಿದಾಗಲೆಲ್ಲ ಎತ್ತರ ತಿದ್ದುವವರನ್ನು ಕಂಡರೆ ನನಗೆ ಸುಮ್ನೆ ನಗು ಬರುತ್ತದೆ.

ಎದುರಿನಿಂದ ನೋಡಿದಾಗ ಮುಳ್ಳು ಎಡಕ್ಕೂ ಬಲಕ್ಕೂ ವಾಲದೆ ನೆಟ್ಟಗೆ ನಿಲ್ಲುವುದು ಇದಕ್ಕಿಂತ ಮುಖ್ಯ. ಒಂದು ಚಿಕ್ಕ ತೆಳು ಕನ್ನಡಿಯನ್ನು ಪ್ಲ್ಯಾಟರಿನ ಮೇಲಿಟ್ಟು ಅದರ ಮೇಲೆ ಮುಳ್ಳು ಇಳಿಸಿ. ಕಾರ್ಟ್ರಿಜ್ಜಿನ ಅಂಚು ಮತ್ತು ಅದರ ಬಿಂಬ ಒಂದೇ ನೇರ ಗೆರೆಯಾಗಬೇಕು. ನಡುವೆ ಮುರಿದ ಹಾಗೆ ಕಂಡರೆ ಹೆಡ್‌ಶೆಲ್ ತುಸು ತಿರುಗಿಸಿ.

ಆಂಟಿ-ಸ್ಕೇಟ್

ಪ್ಲೇಟು ತಿರುಗುವಾಗ ಆರ್ಮನ್ನು ಒಳಗಡೆಗೆ ಎಳೆಯುವ ಒಂದು ಬಲ ಹುಟ್ಟುತ್ತದೆ. ಅದನ್ನು ಸರಿದೂಗಿಸಲು ಹೊರಗಡೆಗೆ ಸಣ್ಣ ಎಳೆತ ಕೊಡುವುದೇ ಆಂಟಿ-ಸ್ಕೇಟ್. ಮುಳ್ಳಿನ ತೂಕ ಎಷ್ಟೋ ಡಯಲನ್ನೂ ಅಷ್ಟಕ್ಕೇ ಇಟ್ಟು ಶುರು ಮಾಡಿ. ಗೆರೆಯೇ ಇಲ್ಲದ ನುಣುಪು ಪ್ಲೇಟಿನ ಮೇಲೆ ಆರ್ಮ್ ಜಾರದೆ ನಿಲ್ಲುವ ಹಾಗೆ ಮಾಡಿ ಅಂತ ಹಲವರು ಹೇಳುತ್ತಾರೆ. ನುಣುಪು ಜಾಗದ ಉಜ್ಜಾಟವೇ ಬೇರೆ, ಗೆರೆಯೊಳಗಿನ ಉಜ್ಜಾಟವೇ ಬೇರೆ. ಅದು ಅಂದಾಜಿಗೆ ಸರಿ, ಅಷ್ಟೇ.

ಕಿವಿಯಿಂದ ಹೊಂದಿಸಿ. ಪ್ಲೇಟಿನ ಕೊನೆಯ ಜೋರು ಹಾಡು ಹಾಕಿ ಹೆಡ್‌ಫೋನಿನಲ್ಲಿ ಕೇಳಿ. ಗೆರೆಯ ಒಳಗೋಡೆ ಎಡ ಚಾನೆಲ್, ಹೊರಗೋಡೆ ಬಲ ಚಾನೆಲ್. ಬಲಗಡೆ ಮೊದಲು ಒಡೆದರೆ ಮುಳ್ಳು ಹೊರಗೋಡೆ ಬಿಟ್ಟುಕೊಡುತ್ತಿದೆ, ಆಂಟಿ-ಸ್ಕೇಟ್ ಹೆಚ್ಚಿಸಿ. ಎಡಗಡೆ ಮೊದಲು ಒಡೆದರೆ ಇಳಿಸಿ. ಎರಡೂ ಒಟ್ಟಿಗೆ ಒಡೆದರೆ ತೂಕಕ್ಕೆ, ಕೋನಕ್ಕೆ ವಾಪಸ್ ಹೋಗಿ. ಅಥವಾ ಆಗ ನಿಜವಾಗಿಯೂ ಪ್ಲೇಟು ಸವೆದಿರಬಹುದು. ಇನ್ನೊಂದು ಒಳ್ಳೆಯ ಪ್ಲೇಟು ಹಾಕಿ ನೋಡಿದರೆ ತಿಳಿಯುತ್ತದೆ.

ತಂತಿ, ಪ್ರೀಆಂಪ್, ಗುಂಯ್ ಸದ್ದು

ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್, ಅಂದರೆ ಒಳಗೆ ಪುಟ್ಟ ಅಯಸ್ಕಾಂತ ಅಲುಗುವ ಥರದ್ದು, ಕೊಡುವುದು 3ರಿಂದ 6 ಮಿಲಿವೋಲ್ಟ್. ತಂತಿಯ ಸುರುಳಿ ಅಲುಗುವ ಮೂವಿಂಗ್ ಕಾಯಿಲ್ ಆದರೆ ಸಾಮಾನ್ಯವಾಗಿ ಅರ್ಧ ಮಿಲಿವೋಲ್ಟೂ ಇರುವುದಿಲ್ಲ. ಮೇಲಾಗಿ ಪ್ಲೇಟು ಕೆತ್ತುವಾಗ ತಗ್ಗು ಸ್ವರಗಳನ್ನು ಇಳಿಸಿ ಮೇಲಿನ ಸ್ವರಗಳನ್ನು ಏರಿಸಿರುತ್ತಾರೆ. ಇದಕ್ಕೆ ಆರ್‌ಐಎಎ ಅನ್ನುವ ಗೊತ್ತಾದ ಲೆಕ್ಕ ಇದೆ. ಫೋನೋ ಪ್ರೀಆಂಪ್ ಆ ಏರಿಳಿತವನ್ನು ಉಲ್ಟಾ ಮಾಡಿ, ಸುಮಾರು 40 ಡೆಸಿಬಲ್ ಏರಿಸಿ ಆಂಪ್ಲಿಫೈಯರಿಗೆ ಕೊಡುತ್ತದೆ. ಮೂವಿಂಗ್ ಕಾಯಿಲ್‌ಗೆ ಸುಮಾರು 60 ಬೇಕು.

ದನಿ ತುಂಬ ಸಣ್ಣದಾಗಿ, ತಗಡಿನಂತೆ ಕೇಳಿದರೆ ಪ್ರೀಆಂಪ್ ಎಲ್ಲೂ ಇಲ್ಲ. ವಿಪರೀತ ಜೋರಾಗಿ ಒಡೆದು ಕೇಳಿದರೆ ಎರಡು ಪ್ರೀಆಂಪ್ ಸಾಲಾಗಿ ಕೂತಿವೆ: ಪ್ಲೇಯರಿನ ಹಿಂದಿನ ಸ್ವಿಚ್ 'ಲೈನ್'ನಲ್ಲಿದೆ, ತಂತಿ ಆಂಪ್ಲಿಫೈಯರಿನ 'ಫೋನೋ' ತೂತಿಗೆ ಹೋಗಿದೆ. ಎರಡರಲ್ಲಿ ಒಂದನ್ನು ಬದಲಿಸಿ. ತಂತಿ ಉದ್ದ ಕಡಿಮೆ ಇರಲಿ, ಒಂದು ಮೀಟರ್ ಸಾಕು. ದುಬಾರಿ ಕೇಬಲ್ ಬೇಡ, ಆ ದುಡ್ಡಿಗೆ ಎರಡು ಪ್ಲೇಟು ತನ್ನಿ.

ಗುಂಯ್ ಸದ್ದಿಗೆ ಮೊದಲು ನೋಡಬೇಕಾದ್ದು ಪ್ಲೇಯರಿನಿಂದ ಬರುವ ತೆಳು ಅರ್ತ್ ತಂತಿ. ಅದನ್ನು ಪ್ರೀಆಂಪಿನ ಹಿಂದಿನ ಸ್ಕ್ರೂಗೆ ಸಿಕ್ಕಿಸಬೇಕು. ಆಮೇಲೆ ಗೋಡೆಯ ಪಾಯಿಂಟ್. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಪಾಯಿಂಟ್ ಇದ್ದರೂ ಮೂರನೆಯದಕ್ಕೆ ಅರ್ತಿಂಗ್ ತಂತಿಯೇ ಎಳೆದಿರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಪರೀಕ್ಷೆ ಮಾಡಿಸಿ, ಇದು ಸಂಗೀತಕ್ಕಿಂತ ಮೊದಲು ಜೀವಕ್ಕೆ ಬೇಕಾದ್ದು. ಆಂಪ್ಲಿಫೈಯರ್ ಮತ್ತು ಪ್ರೀಆಂಪ್ ಎರಡನ್ನೂ ಒಂದೇ ಪಾಯಿಂಟಿನಿಂದ ಕೊಡಿ. ಇಷ್ಟಾದ ಮೇಲೂ ಜುಯ್ ಅಂದರೆ ಫ್ಯಾನ್ ಆಫ್ ಮಾಡಿ ನೋಡಿ. ಎಲೆಕ್ಟ್ರಾನಿಕ್ ರೆಗ್ಯುಲೇಟರಿನಲ್ಲಿ ಫ್ಯಾನ್ ನಿಧಾನ ಓಡುವಾಗ ಆ ಸದ್ದು ಪ್ರೀಆಂಪಿನೊಳಗೆ ನುಸುಳುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ಪೆಟ್ಟಿಗೆಗಳನ್ನು ಕಾರ್ಟ್ರಿಜ್ಜಿನಿಂದ ದೂರ ಸರಿಸಿ.

78ರ ಪ್ಲೇಟು ಇದ್ದರೆ

ಮೈಸೂರಿನ ಹಳೆಯ ಮನೆಗಳ ಅಟ್ಟದಲ್ಲಿ 78ರ ಪ್ಲೇಟು ಸಿಗುವುದು ಆಶ್ಚರ್ಯವಲ್ಲ. ಭಾರತದ ಮೊದಮೊದಲ ರೆಕಾರ್ಡಿಂಗುಗಳಲ್ಲಿ, 1902ರಲ್ಲಿ, ಹಾಡಿದ ಗೌಹರ್ ಜಾನ್ ಕೊನೆಗಾಲದಲ್ಲಿ ಇದೇ ಊರಿನ ಅರಮನೆಯ ಕಲಾವಿದೆಯಾಗಿದ್ದು, 1930ರಲ್ಲಿ ಇಲ್ಲೇ ತೀರಿಕೊಂಡರು. ಜಯಚಾಮರಾಜ ಒಡೆಯರ್ ಅಂತೂ ರಷ್ಯಾದ ಸಂಯೋಜಕ ಮೆಟ್ನರ್ ಅವರ ಸಂಗೀತವನ್ನು ಲಂಡನ್ನಿನಲ್ಲಿ ಎಚ್‌ಎಂವಿಯಿಂದ ರೆಕಾರ್ಡ್ ಮಾಡಿಸಲು ತಾವೇ ಹಣ ಕೊಟ್ಟಿದ್ದರು.

ಈ ಪ್ಲೇಟುಗಳನ್ನು ಎಲ್‌ಪಿ ಮುಳ್ಳಿನಲ್ಲಿ ಕೇಳಬೇಡಿ. ಇವುಗಳ ಗೆರೆ ಅಗಲ. ಎಲ್‌ಪಿ ಮುಳ್ಳಿನ ತುದಿ ಸುಮಾರು 18 ಮೈಕ್ರಾನ್ ಆದರೆ 78ಕ್ಕೆ ಸುಮಾರು 75 ಮೈಕ್ರಾನ್ ಬೇಕು. ಹಲವು ಕಾರ್ಟ್ರಿಜ್ಜುಗಳಿಗೆ 78ರ ಮುಳ್ಳು ಬೇರೆಯಾಗಿ ಸಿಗುತ್ತದೆ, ಬದಲಿಸಿದಾಗ ತೂಕವನ್ನೂ ಅದರ ಚೀಟಿಯಂತೆ ಬದಲಿಸಿ. ಉಲ್ಟಾ ಕೂಡ ಅಷ್ಟೇ. ಕೀಲಿ ಕೊಡುವ ಗ್ರಾಮಫೋನಿನ ಉಕ್ಕಿನ ಮುಳ್ಳಿಗೆ ಎಲ್‌ಪಿ ಕೊಟ್ಟರೆ ಒಂದೇ ಸಲಕ್ಕೆ ಕತೆ ಮುಗಿಯುತ್ತದೆ.

ತೊಳೆಯುವುದು, ಇಡುವುದು

ಪ್ರತಿ ಸಲ ಹಾಕುವ ಮೊದಲು ಪ್ಲೇಟು ತಿರುಗುತ್ತಿರುವಾಗ ಕಾರ್ಬನ್ ಫೈಬರ್ ಬ್ರಷ್ ಮೆಲ್ಲಗೆ ಒಂದೆರಡು ಸುತ್ತು ಹಿಡಿಯಿರಿ. ಹಳೆಯ ಪ್ಲೇಟು ಮೊದಲ ಸಲ ಆದರೆ ತೊಳೆಯಲೇಬೇಕು. ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ದ್ರವ ಒಂದೆರಡು ಹನಿ ಸಾಕು. ಮೃದು ಬಟ್ಟೆಯಲ್ಲಿ ಗೆರೆಗಳ ಗುಂಟ ಒರೆಸಿ, ಅಡ್ಡಕ್ಕಲ್ಲ. ನಡುವಿನ ಲೇಬಲ್ ನೆನೆಯದಿರಲಿ. ಕಾವೇರಿ ನೀರಾಗಲಿ ಬೋರ್‌ವೆಲ್ ನೀರಾಗಲಿ ಕೊನೆಯ ಜಾಲಿಗೆ ಬೇಡ, ಒಣಗಿದ ಮೇಲೆ ಉಪ್ಪು ಗೆರೆಯಲ್ಲೇ ಕೂತು ಚಟಪಟ ಅನ್ನುತ್ತದೆ. ಬೇಕಾದರೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಸೇರಿಸಬಹುದು, ಆದರೆ ವಿನೈಲ್‌ಗೆ ಮಾತ್ರ. 78ರ ಪ್ಲೇಟಿನಲ್ಲಿ ಅರಗು ಇರುತ್ತದೆ, ಆಲ್ಕೋಹಾಲ್ ಅದನ್ನು ಕರಗಿಸುತ್ತದೆ.

ಮಳೆಗಾಲ ಕಳೆದ ಮೇಲೆ ಕವರಿನೊಳಗೆ ಬಿಳಿ ಬೂಷ್ಟು ಕಂಡರೆ ಪ್ಲೇಟು ತೊಳೆದರೆ ಸಾಲದು, ಒಳಗಿನ ಕಾಗದದ ಕವರ್ ಎಸೆದು ಹೊಸದು ಹಾಕಿ. ಇಲ್ಲದಿದ್ದರೆ ಅದೇ ಬೂಷ್ಟು ವಾಪಸ್ ಬರುತ್ತದೆ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ. ಏಪ್ರಿಲ್ ಬಿಸಿಲಿನಲ್ಲಿ ಶೀಟಿನ ಕೆಳಗಿನ ಅಟ್ಟ, ನಿಲ್ಲಿಸಿದ ಕಾರಿನ ಡಿಕ್ಕಿ, ಎರಡೂ ಬೇಡ.

ಮುಳ್ಳನ್ನು ಯಾವಾಗಲೂ ಹಿಂದಿನಿಂದ ಮುಂದಕ್ಕೆ ಬ್ರಷ್ ಮಾಡಿ, ಪಕ್ಕದಿಂದ ಬೇಡ, ಮುಂದಿನಿಂದ ಹಿಂದಕ್ಕಂತೂ ಬೇಡವೇ ಬೇಡ. ತುದಿಯ ಆಕಾರ ನೋಡಿಕೊಂಡು ಒಂದು ಮುಳ್ಳು 300ರಿಂದ 1000 ಗಂಟೆ ಬಾಳುತ್ತದೆ. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ಜಿನಲ್ಲಿ ಮುಳ್ಳಿನ ಭಾಗವನ್ನಷ್ಟೇ ಎಳೆದು ತೆಗೆದು ಹೊಸದು ಸಿಕ್ಕಿಸಬಹುದು, ಕೋನದ ಕೆಲಸ ಮೊದಲಿಂದ ಮಾಡಬೇಕಾಗಿಲ್ಲ. ಪ್ರೊಟ್ರ್ಯಾಕ್ಟರ್ ಮೇಲೆ ಒಮ್ಮೆ ಇಳಿಸಿ ನೋಡಿ, ತೂಕ ಮಾತ್ರ ಮತ್ತೆ ತೂಗಿ. ಹಳೆಯ ಪ್ಲೇಯರ್ ಕೊಂಡಿದ್ದರೆ ಅದರ ಮುಳ್ಳು ಎಷ್ಟು ಗಂಟೆ ಓಡಿದೆ ಅಂತ ಮಾರಿದವರಿಗೂ ಗೊತ್ತಿರುವುದಿಲ್ಲ, ಒಳ್ಳೆಯ ಪ್ಲೇಟು ಹಾಕುವ ಮೊದಲೇ ಹೊಸ ಮುಳ್ಳು ತರಿಸಿಬಿಡಿ.